85 ಸೆಂಟ್ಸ್ ಇಳಿಜಾರು ಜಾಗ: ಮೊದಲು ವರ್ಕ್‌ಶಾಪೋ, ತೋಟವೋ?

ಪಾರೆಮನೆ · ಏಪ್ರಿಲ್ 18

ಎಲ್ಲರಿಗೂ ನಮಸ್ಕಾರ. ಹಿರಿಯಡ್ಕದಿಂದ ಸ್ವಲ್ಪ ಒಳಗೆ 85 ಸೆಂಟ್ಸ್ ಜಾಗ, ಅಮ್ಮನ ಕಡೆಯಿಂದ ಬಂದದ್ದು. ಇಪ್ಪತ್ತಾರು ವರ್ಷ ಬಹರೈನಿನಲ್ಲಿ ಯಂತ್ರ ರಿಪೇರಿ ಮಾಡಿ ಊರಿಗೆ ಮರಳಿದ್ದೇನೆ. ಮೇಲೆ ಪಾರೆ (ಕಲ್ಲುನೆಲ) ಮತ್ತು ಗೇರು, ನಡುವೆ ಮಜಲು (ನಡುಮಟ್ಟದ ಗದ್ದೆ), ಕೆಳಗೆ ತೋಡಿನ (ಹಳ್ಳದ) ಬದಿಯಲ್ಲಿ ಹಡಿಲು (ಪಾಳು) ಬಿದ್ದ ಬೈಲುಗದ್ದೆಯ ಒಂದು ತುಂಡು. ಹಳೆಯ ಹೆಂಚಿನ ಮನೆಯ ಅರ್ಧ ನಿಂತಿದೆ. ಬಾವಿಯಲ್ಲಿ ಏಪ್ರಿಲ್ ನಡುವಿನವರೆಗೆ ನೀರು.

ನನ್ನ ಯೋಜನೆ: ಮಜಲಿನ ಮೇಲಂಚಿನಲ್ಲಿ ಗುಡ್ಡ ಸ್ವಲ್ಪ ಕಡಿದು ಸಮತಟ್ಟು ಮಾಡಿ 30ಕ್ಕೆ 20 ಅಡಿಯ ವರ್ಕ್‌ಶಾಪ್. ಬೈಕಂಪಾಡಿಯಲ್ಲಿ ಸ್ನೇಹಿತನೊಬ್ಬ ತನ್ನ ಘಟಕ ಮುಚ್ಚುವಾಗ ಕೊಟ್ಟ ಹಳೆಯ ಲೇತ್ (ಲೋಹ ಕಡೆಯುವ ಯಂತ್ರ) ಇದೆ, ವೆಲ್ಡಿಂಗ್ ಯಂತ್ರ ಇದೆ, ಮರಗೆಲಸ ಕಲಿಯುವ ಆಸೆ ಇದೆ. ಹಳೆಯ ಪಂಪು, ಗೋಡೆ ಗಡಿಯಾರ ಸರಿಮಾಡುವುದು ನನ್ನ ಹುಚ್ಚು. ಹೆಂಡತಿಗೆ ತರಕಾರಿ ತೋಟ ಬೇಕು. ಜೇನುಪೆಟ್ಟಿಗೆಯ ಆಸೆ ಇಬ್ಬರಿಗೂ ಇದೆ. ಮಳೆಗೆ ಆರು ವಾರ ಉಳಿದಿದೆ. ಎಲ್ಲಿಂದ ಆರಂಭಿಸಲಿ?

ಬೈಲುಮನೆ

ಒಂದು ಮಳೆಗಾಲ ಸುಮ್ಮನೆ ಕೊಡೆ ಹಿಡಿದು ಜಾಗ ಸುತ್ತಿ. ಮತ್ತೆ ಮಾತನಾಡೋಣ.

ಲೇತ್‌ಪ್ರಿಯ

ಬೈಲುಮನೆಯವರು ಯಾರೇ ಬಂದರೂ ಇದನ್ನೇ ಹೇಳುತ್ತಾರೆ. ಲೇತ್ ಈಗ ಎಲ್ಲಿದೆ ಎಂದು ಕೇಳಿದವರಿಲ್ಲ. ಅದು ಟಾರ್ಪಾಲಿನ ಅಡಿಯಲ್ಲಿ ಒಂದು ಆಟಿ (ಜುಲೈ-ಆಗಸ್ಟಿನ ಮಳೆ ತಿಂಗಳು) ಕಳೆದರೆ ಗುಜರಿಯವನಿಗೆ ಮಾತ್ರ ಪ್ರಯೋಜನ. ಮಾಡು (ಛಾವಣಿ) ಮೊದಲು, ಕವಿತೆ ಆಮೇಲೆ.

ದಾಖಲೆಪೆಟ್ಟಿಗೆ

ಇಬ್ಬರೂ ನಿಲ್ಲಿ. “ಅಮ್ಮನ ಕಡೆಯಿಂದ ಬಂದದ್ದು” ಎಂದಿದ್ದೀರಿ. ಅಳಿಯಸಂತಾನ ಕಟ್ಟಿನ (ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ) ಕುಟುಂಬದ ಆಸ್ತಿಯೇ? ಪಾಲುಪಟ್ಟಿ ಆಗಿ ಪಹಣಿಯಲ್ಲಿ ನಿಮ್ಮ ಒಬ್ಬರ ಹೆಸರೇ ಇದೆಯೋ, ಮುಂಬೈಯಲ್ಲಿರುವ ಏಳು ಜನ ಸೋದರಸಂಬಂಧಿಗಳೂ ಇದ್ದಾರೋ? ನೀವು ಮಾಡು ಹೊದೆಸುವವರೆಗೆ ಯಾರೂ ಬರುವುದಿಲ್ಲ. ಹೊದೆಸಿದ ಮರುದಿನ ಎಲ್ಲರೂ ಬರುತ್ತಾರೆ.

ಎರಡನೆಯದು, 85 ಸೆಂಟ್ಸ್ ಎನ್ನುವುದು ವರ್ಗ (ನಿಮ್ಮ ಸ್ವಂತ) ಜಾಗದ ಲೆಕ್ಕವೋ, ಅದಕ್ಕೆ ತಾಗಿದ ಸರಕಾರಿ ಕುಮ್ಕಿಯನ್ನೂ ಸೇರಿಸಿದ್ದೋ? ಮೇಲಿನ ಪಾರೆ ಮತ್ತು ಗೇರು ಎಂದಾಗಲೇ ನನಗೆ ಸಂಶಯ ಬಂದಿತು.

ಮೂರನೆಯದು ಕಟ್ಟಡ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕೃಷಿಕ ತನ್ನ ಕೃಷಿಗೆ ಬೇಕಾದ ಕಟ್ಟಡವನ್ನು ಹಿಡುವಳಿಯ ಶೇಕಡಾ 10ರ ಮಿತಿಯೊಳಗೆ ಕಟ್ಟಿಕೊಳ್ಳಬಹುದು. ನಿಮ್ಮ 600 ಚದರ ಅಡಿ ಎಂದರೆ ಒಂದೂವರೆ ಸೆಂಟ್ಸ್ ಕೂಡ ಇಲ್ಲ, ಅಳತೆಯ ಸಮಸ್ಯೆ ಬರುವುದಿಲ್ಲ. ಬರುವುದು ಉದ್ದೇಶದ ಪ್ರಶ್ನೆ. ನಿಮ್ಮ ತೋಟದ ಪಂಪು ರಿಪೇರಿ ಮಾಡಿದರೆ ಕೃಷಿ ಎಂದು ವಾದಿಸಬಹುದು. ಊರಿನವರ ಪಂಪು ದುಡ್ಡಿಗೆ ಮಾಡಿ ಬೋರ್ಡು ಹಾಕಿದರೆ ಅದು ವ್ಯಾಪಾರ, ಆಗ ಭೂಪರಿವರ್ತನೆ, ಪಂಚಾಯತಿನ 9/11 (ಆಸ್ತಿ ದಾಖಲೆಯ ನಮೂನೆಗಳು), ಎಲ್ಲದರ ಬಾಗಿಲು ತಟ್ಟಬೇಕು.

ಕಟಪಾಡಿಕಾರ

ಗೋಡೆ ಗಡಿಯಾರ ಯಾವ ಬೆಳೆಗೆ ಸೇರುತ್ತದೆ ಸ್ವಾಮಿ?

ದಾಖಲೆಪೆಟ್ಟಿಗೆ

ಏಣೆಲು (ಮುಂಗಾರಿನ ಭತ್ತ).

ಪಾರೆಮನೆ

ನಕ್ಕು ಸಾಕಾಯಿತು. ಪಾಲುಪಟ್ಟಿ ಆಗಿದೆ, 11ಇ ನಕ್ಷೆಯೂ (ಪಾಲು ಅಳೆದ ಸರ್ವೆ ನಕ್ಷೆ) ಇದೆ, ನನ್ನ ಒಬ್ಬನ ಹೆಸರು. ಆದರೆ ಕುಮ್ಕಿಯ ವಿಷಯ ಸರಿಯಾಗಿ ಹಿಡಿದಿರಿ. ನಕ್ಷೆ ತೆಗೆದು ನೋಡಿದೆ. ಗೇರುಗುಡ್ಡೆ ಪೂರ್ತಿ ಕುಮ್ಕಿ. ಅಜ್ಜನ ಕಾಲದಿಂದ ನಮ್ಮದೇ ಎಂದುಕೊಂಡಿದ್ದೆವು. 85ರಲ್ಲಿ ನನ್ನದು 61.

ಬೈಲುಮನೆ

ಕುಮ್ಕಿ ಎಂದರೆ ಸರಕಾರದ ಜಾಗ, ವರ್ಗದಿಂದ ನೂರು ಗಜದೊಳಗೆ ಸೊಪ್ಪು, ತರಗೆಲೆ, ಕಟ್ಟಿಗೆ, ಹುಲ್ಲು ತೆಗೆಯುವ ಸೌಲಭ್ಯ ಮಾತ್ರ ನಮಗೆ. ಅದರಲ್ಲಿ ಒಂದು ಕಲ್ಲು ಇಟ್ಟರೂ ತೊಂದರೆ. ಹಾಗೆಂದು ಬೇಸರ ಬೇಡ, ಮೇಲೆ ಕಾಡು ಇದ್ದರೆ ಕೆಳಗೆ ಬಾವಿ. ನಿಮ್ಮ ಬಾವಿಯಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುವುದು ಆ ಗೇರುಗುಡ್ಡೆಯ ಪುಣ್ಯ.

ಉಳಿಸುತ್ತಿಗೆ

ವರ್ಕ್‌ಶಾಪಿನ ವಿಷಯಕ್ಕೆ ಬರುತ್ತೇನೆ. ಗೋಡೆಗೆ ಕೆಂಪುಕಲ್ಲು, ಸಂಶಯವೇ ಬೇಡ. ಪಡುವಣ ಮತ್ತು ತೆಂಕಣ ಗೋಡೆಗೆ ಮಾತ್ರ ಗಾರೆ ಮಾಡಿಸಿ, ಇಲ್ಲವಾದರೆ ಜುಲೈಯಲ್ಲಿ ಕಲ್ಲು ನೀರು ಕುಡಿದು ಒಳಗೆ ಬೆವರುತ್ತದೆ. ಮಾಡಿಗೆ ಶೀಟು ಹಾಕಿಸಿ. ಶೀಟು ಹೊರುವ ಕಬ್ಬಿಣದ ಕೈಮರ ನೀವೇ ವೆಲ್ಡ್ ಮಾಡಬಹುದು.

ಹೆಂಚಿನಮಾಡು

ಶೀಟು ಎಂದವರು ಶೀಟಿನ ಅಡಿಯಲ್ಲಿ ಒಂದು ಜೂನ್ ಕೆಲಸ ಮಾಡಿಲ್ಲ. ಮಳೆ ಹೊಡೆದರೆ ಲೇತ್ ಓಡುತ್ತಿದೆಯೋ ನಿಂತಿದೆಯೋ ಎಂದು ಕೈಯಿಂದ ಮುಟ್ಟಿ ನೋಡಬೇಕು. ಏಪ್ರಿಲಿನಲ್ಲಿ ಅದೇ ಶೀಟಿನ ಅಡಿಯಲ್ಲಿ ಹಪ್ಪಳ ಒಣಗಿಸಬಹುದು.

ಪಾರೆಮನೆಯವರೇ, ಅರ್ಧ ಬಿದ್ದ ಮನೆಯ ಹೆಂಚು ಏನಾಯಿತು? ಒಂದನ್ನು ಮಗುಚಿ ನೋಡಿ, ಕಾರ್ಖಾನೆಯ ಮುದ್ರೆ ಇರುತ್ತದೆ. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಆವೆಮಣ್ಣು ಸುಟ್ಟು ಮಾಡಿದ ಆ ಹೆಂಚನ್ನು ತೊಳೆದು ಹಾಕಿದರೆ ಇನ್ನೊಂದು ತಲೆಮಾರು ನಡೆಯುತ್ತದೆ. ಬೆಂಗಳೂರಿನಿಂದ ಬಂದವರು ಹೋಟೆಲು ಅಲಂಕಾರಕ್ಕೆ ಕೇಳಿದರೆ ಕೊಟ್ಟುಬಿಡಬೇಡಿ.

ಉಳಿಸುತ್ತಿಗೆ

ಮಂಗ ಬಂದು ದಿನಕ್ಕೆ ಆರು ಹೆಂಚು ಒಡೆದಾಗ ನಿಮ್ಮನ್ನು ಕರೆಯಬಹುದೇ?

ಹೆಂಚಿನಮಾಡು

ಕರೆಯಿರಿ. ಮಂಗನಿಗೆ ಬುದ್ಧಿ ಹೇಳಿ ಹೋಗುತ್ತೇನೆ, ನಿಮಗೆ ಹೇಳುವುದಕ್ಕಿಂತ ಸುಲಭ.

ಬಸಳೆಚಪ್ಪರ

ಗಂಡಸರ ಮಾಡು ಮುಗಿಯಿತೇ? ನಾನು ಬೆಳ್ಮಣ್ ಹತ್ತಿರ 70 ಸೆಂಟ್ಸ್ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ, ವೆಲ್ಡಿಂಗ್ ಕೂಡ ಮಾಡುತ್ತೇನೆ, ಹಾಗಾಗಿ ಎರಡೂ ಕಡೆಯ ಮಾತು ಹೇಳುವ ಹಕ್ಕು ಇದೆ.

ಮಾಡು ಯಾವುದಾದರೂ ಇರಲಿ, ಅದರ ನೀರು ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. 600 ಚದರ ಅಡಿಯ ಮೇಲೆ ಬೀಳುವುದು 2 ಲಕ್ಷ ಲೀಟರಿಗೂ ಮಿಕ್ಕಿ. ಅದನ್ನು ಸೋಸಿ ಬಾವಿಗೆ ಬಿಟ್ಟರೆ ಸಂಪತ್ತು, ಪಂಚಾಂಗದ (ಅಡಿಪಾಯದ) ಬುಡಕ್ಕೆ ಬಿಟ್ಟರೆ ಶತ್ರು.

ತರಕಾರಿಗೆ ಈ ವಾರವೇ ಮಾಡಬೇಕಾದ ಕೆಲಸ ಸುಡುಮಣ್ಣು. ತರಗೆಲೆ, ಒಣಕಡ್ಡಿ, ಮೇಲ್ಮಣ್ಣು ಪದರ ಪದರವಾಗಿ ಹಾಕಿ ನಿಧಾನಕ್ಕೆ ಹೊಗೆಯಾಡುವಂತೆ ಸುಡಿ, ಹತ್ತಿರ ನೀರು ಇಟ್ಟುಕೊಳ್ಳಿ. ತಣಿದ ಮೇಲೆ ಹಟ್ಟಿಗೊಬ್ಬರ ಸೇರಿಸಿ. ನಮ್ಮ ಕೆಂಪು ಮಣ್ಣು ಹುಳಿ, ಸುಣ್ಣವನ್ನೂ ಬೇಡುತ್ತದೆ. ಮೊದಲ ಮಳೆಗೆ ಮಜಲಿನಲ್ಲಿ ಏರಿ ಮಾಡಿ ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂಡೆ. ಬೈಲಿನ ತುಂಡಿನಲ್ಲಿ ಈಗ ಏನೂ ಬೇಡ, ನೀರು ನಿಲ್ಲುತ್ತದೆ. ಅಲ್ಲಿ ಮಳೆ ಬಿಟ್ಟ ಮೇಲೆ ಸೌತೆ ಮತ್ತು ಹರಿವೆ. ಬಸಳೆಗೆ ಬಚ್ಚಲಿನ ನೀರು ಹೋಗುವ ಕಡೆ ಚಪ್ಪರ, ಇದನ್ನು ನಿಮ್ಮ ಹೆಂಡತಿಗೆ ಹೇಳಿಕೊಡಬೇಕಾಗಿಲ್ಲ.

ಕಟಪಾಡಿಕಾರ

ಅಕ್ಕ ಮಟ್ಟುಗುಳ್ಳವನ್ನು ಬಿಟ್ಟರು.

ಬಸಳೆಚಪ್ಪರ

ಬೇಕೆಂದೇ ಬಿಟ್ಟೆ. ಹಿರಿಯಡ್ಕದಲ್ಲಿ ಬೆಳೆದದ್ದು ಬರೀ ಬದನೆ. ಮಟ್ಟುವಿನ ಮಣ್ಣು ಬೇರೆ, 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ ಆ ಊರಿನ ಹೆಸರಿಗೆ.

ಕಟಪಾಡಿಕಾರ

ಈ ಮಾತಿಗೆ ನಿಮಗೆ ಒಂದು ಕಿಲೋ ಗುಳ್ಳ ಬಾಕಿ.

ಲೇತ್‌ಪ್ರಿಯ

ವಿದ್ಯುತ್ ಬಗ್ಗೆ ಯಾರೂ ಹೇಳಿಲ್ಲ. ಲೇತಿನ ಮೋಟಾರು ಹೆಚ್ಚಾಗಿ 3 ಫೇಸ್ ಆಗಿರುತ್ತದೆ, ಮನೆಯ ಸಂಪರ್ಕ 1 ಫೇಸ್. 3 ಫೇಸ್ ಲೈನು ಎಳೆಸಲು ಕಂಬದ ಖರ್ಚು ಕೇಳಿದರೆ ಲೇತ್ ಮಾರಿಬಿಡುತ್ತೀರಿ. 2 ಅಶ್ವಶಕ್ತಿಯಷ್ಟಿದ್ದರೆ ವಿಎಫ್‌ಡಿ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿ. 1 ಫೇಸ್ ಒಳಗೆ, 3 ಫೇಸ್ ಹೊರಗೆ, ವೇಗವನ್ನೂ ಗುಂಡಿ ತಿರುಗಿಸಿ ಬದಲಿಸಬಹುದು. ಮೋಟಾರಿನ ತಗಡಿನಲ್ಲಿ 230/415 ಎಂದಿದ್ದರೆ ಒಳಗಿನ ಜೋಡಣೆಯನ್ನು ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಬೇಕು, ಇಲ್ಲವಾದರೆ ಬಲವೇ ಇರುವುದಿಲ್ಲ. ಅದಕ್ಕೆಂದೇ ಬೇರೆ ದಪ್ಪ ವಯರು ಎಳೆಸಿ. ಅಡುಗೆಮನೆಯ ಸಾಕೆಟಿನಿಂದ ತಂದರೆ ಮಿಕ್ಸಿ ಮತ್ತು ಲೇತ್ ಒಟ್ಟಿಗೆ ನಿಲ್ಲುತ್ತವೆ, ಸಂಸಾರದಲ್ಲಿ ಜಗಳ.

ಬೈಲುಮನೆ

ಇನ್ನೊಂದು ಮಾತು. ಕೃಷಿ ಪಂಪಿಗೆ 10 ಅಶ್ವಶಕ್ತಿಯವರೆಗೆ ಉಚಿತ ಎಂದು ಆ ಲೈನಿನಿಂದ ವೆಲ್ಡಿಂಗ್ ಮಾಡುವವರಿದ್ದಾರೆ. ಸಿಕ್ಕಿಬಿದ್ದರೆ ದಂಡ ಕಟ್ಟುವಾಗ ಕೈ ನಡುಗುತ್ತದೆ.

ತುಡುವೆ

ಅರ್ತಿಂಗ್ ಮರೆಯಬೇಡಿ. ಪಾರೆಯ ಮೇಲೆ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿದರೂ ಬೇಸಗೆಯಲ್ಲಿ ಒಣಗಿ ಹೋಗುತ್ತದೆ, ಸಿಡಿಲು ಬರುವುದೂ ಅದೇ ಹೊತ್ತಿಗೆ. ತಂಪು ಇರುವ ಕೆಳಗಿನ ಮಣ್ಣಿನಲ್ಲಿ ಮಾಡಿಸಿ. ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ಇನ್ವರ್ಟರು, ಟಿವಿ, ಮೋಡೆಮ್ ಒಂದೇ ಏಟಿಗೆ ಹೋದವು. ಜೇನು ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ.

ಪಾರೆಮನೆ · ಏಪ್ರಿಲ್ 29

ಇಷ್ಟು ಜನ ಸಮಯ ಕೊಟ್ಟದ್ದಕ್ಕೆ ಕೃತಜ್ಞತೆಗಳು. ಈಗ ಒಂದು ತಪ್ಪೊಪ್ಪಿಗೆ. ಮೊನ್ನೆ ಪಕ್ಕದ ಮನೆಗೆ ಜೆಸಿಬಿ ಬಂದಿತ್ತು. ಬಂದ ಯಂತ್ರವನ್ನು ಕಳುಹಿಸುವುದೇಕೆ ಎಂದು ಮೂರು ಗಂಟೆ ಕೆಲಸ ಮಾಡಿಸಿದೆ. ಮಜಲಿನ ಮೇಲಂಚು, ನನ್ನ ವರ್ಗದೊಳಗೇ. ಹತ್ತು ಅಡಿ ಎತ್ತರಕ್ಕೆ ನೇರ ಕಡಿದು ಚಂದದ ಸಮತಟ್ಟು ಬಂದಿದೆ. ಮೇಲಿನ ಐದು ಅಡಿ ಗಟ್ಟಿ ಮುರಕಲ್ಲು (ಕೆಂಪುಕಲ್ಲು), ಕೆಳಗೆ ಬಿಳಿ ಮತ್ತು ಗುಲಾಬಿ ಬಣ್ಣದ ಮೆದು ಮಣ್ಣು. ಬೆಣ್ಣೆಯ ಹಾಗೆ ಕತ್ತರಿಸಿತು. ಮುಂದಿನ ವಾರ ಪಂಚಾಂಗ ಹಾಕಿಸುವವನಿದ್ದೇನೆ.

ಬೈಲುಮನೆ

ಅಯ್ಯೋ ಮಾರಾಯರೇ.

ಬಸಳೆಚಪ್ಪರ

ಪಂಚಾಂಗ ಹಾಕಿಸಬೇಡಿ. ದಯವಿಟ್ಟು.

ಬೈಲುಮನೆ

ಕುಳಿತು ಬರೆಯುತ್ತಿದ್ದೇನೆ. ಆ ಬಿಳಿ ಗುಲಾಬಿ ಮಣ್ಣು ಶೇಡಿ. ಮುರಕಲ್ಲಿನ ಪದರದ ಕೆಳಗೆ ನಮ್ಮ ಕರಾವಳಿಯ ತುಂಬ ಇರುವುದು ಅದೇ. ಒಣಗಿದ್ದಾಗ ಗೋಡೆಯ ಹಾಗೆ ನೇರ ನಿಲ್ಲುತ್ತದೆ, ಅದಕ್ಕೇ ಜೆಸಿಬಿಯವನೂ ನೀವೂ ಮೋಸ ಹೋಗುತ್ತೀರಿ. ನೀರು ತುಂಬಿದರೆ ಬಲವೆಲ್ಲ ಹೋಗಿ ಅಂಬಲಿಯಾಗುತ್ತದೆ. ಸುರತ್ಕಲ್ ಎನ್‌ಐಟಿಕೆಯವರು ಈ ಮಣ್ಣಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ, ರಸ್ತೆ ಮಾಡುವವರಿಗೂ ಇದೇ ತಲೆನೋವು. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ. ಕೆಳಗಿನ ಮಣ್ಣು ಕರಗಿ ಜಾರಿದಾಗ ಮೇಲಿನ ಐದು ಅಡಿ ಕಲ್ಲು ಇಡಿಯಾಗಿ ಬರುತ್ತದೆ. ಪ್ರತಿ ಜುಲೈಯಲ್ಲಿ ಪತ್ರಿಕೆಯಲ್ಲಿ “ಮನೆಯ ಹಿಂದಿನ ಧರೆ ಕುಸಿದು” ಎಂದು ಓದುತ್ತೀರಲ್ಲ, ಆ ಮನೆಗಳೆಲ್ಲ ಇರುವುದು ಇಂಥ ಚಂದದ ಸಮತಟ್ಟಿನಲ್ಲೇ.

ಲೇತ್‌ಪ್ರಿಯ

ತಡೆಗೋಡೆ ಕಟ್ಟಿದರೆ ಸಾಲದೇ?

ಬೈಲುಮನೆ

ಹಿಂದೆ ನೀರು ಹೊರಬರಲು ದಾರಿ ಇಲ್ಲದ ತಡೆಗೋಡೆ ಮಣ್ಣಿನ ಜೊತೆಗೇ ಬರುತ್ತದೆ. ಸರಿಯಾಗಿ ಕಟ್ಟಿಸುವ ಖರ್ಚಿನಲ್ಲಿ ಎರಡು ವರ್ಕ್‌ಶಾಪ್ ಆಗುತ್ತದೆ. ಪಾರೆಮನೆಯವರೇ, ಮಳೆಗೆ ಮೊದಲು ಇಷ್ಟು ಮಾಡಿ. ಕಡಿದದ್ದರ ಮೇಲ್ಭಾಗದಲ್ಲಿ ನಾಲ್ಕೈದು ಅಡಿ ಹಿಂದೆ ಅಡ್ಡಲಾಗಿ ಕಣಿ ತೋಡಿ, ಗುಡ್ಡದ ನೀರನ್ನು ಬದಿಯಿಂದ ತೋಡಿಗೆ ತಿರುಗಿಸಿ. ನೇರ ಕಡಿದದ್ದನ್ನು ಮೆಟ್ಟಿಲಿನ ಹಾಗೆ ಎರಡು ಹಂತ ಮಾಡಿಸಿ. ಈ ವರ್ಷಕ್ಕೆ ಟಾರ್ಪಾಲು ಹೊದೆಸಿ, ಮಳೆ ಹಿಡಿದ ಕೂಡಲೇ ಲಾವಂಚ ನೆಡಿ. ಅದರ ಬೇರು ನೇರ ಕೆಳಗೆ ಇಳಿಯುತ್ತದೆ. ಮೇಲೆ ಇಂಗುಗುಂಡಿ ಮಾತ್ರ ತೋಡಬೇಡಿ.

ಹೆಂಚಿನಮಾಡು

ಇಂಗುಗುಂಡಿ ಬೇಡ ಎನ್ನುವುದು ಇದೇ ಮೊದಲ ಸಲ ಕೇಳುತ್ತಿರುವುದು. ನೀರು ಇಂಗಿಸಿ ಎಂದು ಮೂವತ್ತು ವರ್ಷಗಳಿಂದ ಭಾಷಣ ಮಾಡಿದವರು ನೀವೇ ಅಲ್ಲವೇ?

ಬೈಲುಮನೆ

ಹೌದು, ನಾನೇ. ಇಳಿಜಾರು ಕಡಿಮೆ ಇರುವಲ್ಲಿ ಇಂಗಿಸಿ, ಗೇರುಗುಡ್ಡೆಯ ತರಗೆಲೆ ಗುಡಿಸದೆ ಬಿಟ್ಟು ಇಂಗಿಸಿ, ಡಿಸೆಂಬರಿನಲ್ಲಿ ತೋಡಿಗೆ ಕಟ್ಟ (ಒಡ್ಡು) ಕಟ್ಟಿ ಇಂಗಿಸಿ. ಹತ್ತು ಅಡಿ ಕಡಿದ ಶೇಡಿಯ ನೆತ್ತಿಯ ಮೇಲೆ ಇಂಗಿಸಬೇಡಿ ಎಂದರೆ ಭಾಷಣ ಬದಲಾಗಲಿಲ್ಲ, ಜಾಗ ಬದಲಾಯಿತು. ಬಂಟ್ವಾಳದ ಅಡ್ಯನಡ್ಕದ ಬಳಿ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದರು, 2022ರಲ್ಲಿ ಪದ್ಮಶ್ರೀ ಬಂತು. ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ, ಮತ್ತೆ ಕೊರೆದರು. ನಮಗೆ ಮೂರು ಗಂಟೆ ಜೆಸಿಬಿ ಸಿಕ್ಕಿದರೆ ಗುಡ್ಡದ ಗುಟ್ಟೆಲ್ಲ ತಿಳಿದ ಹಾಗೆ.

ಪಾರೆಮನೆ

ಬೈದದ್ದು ಸರಿ. ಜೆಸಿಬಿಯವನಿಗೆ ಫೋನು ಮಾಡಿದ್ದೇನೆ, ಶನಿವಾರ ಬರುತ್ತಾನೆ. ಕಣಿಯನ್ನು ನಾನೇ ತೋಡುತ್ತಿದ್ದೇನೆ, ಅಂಗೈ ತುಂಬ ಬೊಕ್ಕೆ. ಇನ್ನೊಂದು ಸಂಗತಿ. ಕಣಿ ತೆಗೆಯುವ ದಾರಿಯಲ್ಲಿ ಬಡಗಣ ಮೂಲೆಗೆ ನಾಗಬನ ಇದೆ. ಸುರಗಿ, ರೆಂಜೆ, ದಪ್ಪ ಬಳ್ಳಿಗಳು. ವರ್ಷಕ್ಕೊಮ್ಮೆ ನಾಗನಿಗೆ ತನು (ಹಾಲು, ಸೀಯಾಳದ ಅಭಿಷೇಕ) ಹಾಕಿಸುತ್ತೇವೆ. ಎಷ್ಟು ದೂರ ಬಿಡಬೇಕು?

ಕಟಪಾಡಿಕಾರ

ಇದನ್ನು ನಮ್ಮಲ್ಲಿ ಕೇಳಬೇಡಿ, ನಿಮ್ಮ ಮನೆಗೆ ಬರುವ ಅರ್ಚಕರಲ್ಲಿ ಕೇಳಿ.

ಉಳಿಸುತ್ತಿಗೆ

ನಂಬಿಕೆ ಇದ್ದರೂ ಇಲ್ಲದಿದ್ದರೂ ಉತ್ತರ ಒಂದೇ, ಮರದ ಹನಿ ಬೀಳುವಷ್ಟು ದೂರದೊಳಗೆ ಹಾರೆ ಹಾಕಬೇಡಿ. ನಮ್ಮ ಪಕ್ಕದ ಜಾಗ ಕೊಂಡ ಸಾಹೇಬರು ಅಲ್ಲಿನ ಬನಕ್ಕೆ ತಾವೇ ಬೇಲಿ ಕಟ್ಟಿಸಿ ದಾರಿ ಬಿಟ್ಟಿದ್ದಾರೆ. ಕೇಳಿದರೆ “ಅಲ್ಲಿಂದಲೇ ನನ್ನ ಬಾವಿಗೆ ಒರತೆ” ಎನ್ನುತ್ತಾರೆ.

ಹೆಂಚಿನಮಾಡು

ಕಾಂಕ್ರೀಟು ಕಟ್ಟೆ, ಟೈಲ್ಸು ಹಾಕಿ ಬನವನ್ನು “ಅಭಿವೃದ್ಧಿ” ಮಾಡುವವರಿಗಿಂತ ಆ ಸಾಹೇಬರು ಮೇಲು.

(ಇದರ ಮೇಲೆ ನಡೆದ ಹನ್ನೊಂದು ಪ್ರತಿಕ್ರಿಯೆಗಳನ್ನು ನಿರ್ವಾಹಕರು ಬೇರೆ ಚರ್ಚೆಗೆ ವರ್ಗಾಯಿಸಿದ್ದಾರೆ.)

ತುಡುವೆ

ಬನದ ಅಂಚು ಜೇನಿಗೆ ಒಳ್ಳೆಯ ಜಾಗ, ನೆರಳು ಇದೆ. ಆದರೆ ಈಗ ಜೇನು ಕುಟುಂಬ ತರಬೇಡಿ, ಮಳೆಗಾಲದಲ್ಲಿ ಹೂವಿಲ್ಲದೆ ಸಕ್ಕರೆ ಪಾಕ ಕೊಡುತ್ತಾ ಕೂರಬೇಕು. ಅಕ್ಟೋಬರ್ ನಂತರ ನೋಡಿ. ಮಳೆಯಲ್ಲಿ ಪೆಟ್ಟಿಗೆ ಮಾಡಿಟ್ಟುಕೊಳ್ಳಿ, ಚೌಕಟ್ಟುಗಳ ನಡುವಿನ ಅಂತರ ತಪ್ಪಿದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ. 1991–92ರ ಹೊತ್ತಿಗೆ ಥಾಯಿ ಸ್ಯಾಕ್ ಬ್ರೂಡ್ ರೋಗ ಬಂದು ತುಡುವೆ ಜೇನಿನ ಕುಟುಂಬಗಳು ಸಾಲು ಸಾಲು ಸತ್ತವು, ನಮ್ಮ ತಂದೆಯ ಖಾಲಿ ಪೆಟ್ಟಿಗೆಗಳು ಅಟ್ಟದಲ್ಲಿ ಹತ್ತು ವರ್ಷ ಇದ್ದವು. ಹಾಗಾಗಿ ಎರಡೇ ಪೆಟ್ಟಿಗೆಯಿಂದ ಆರಂಭಿಸಿ.

ಉಳಿಸುತ್ತಿಗೆ

ಮಳೆಯಲ್ಲಿ ಮರಗೆಲಸ ಮಾಡುವಾಗ ಒಂದು ಲೆಕ್ಕ ತಿಳಿದಿರಲಿ. ಮರ ಆಟಿಯಲ್ಲಿ ನೀರು ಹೀರಿ ಅಡ್ಡಕ್ಕೆ ಉಬ್ಬುತ್ತದೆ. ಫೆಬ್ರವರಿಯಲ್ಲಿ ಬಿಗಿಯಾಗಿ ಕೂರಿಸಿದ ಡ್ರಾವರು ಜುಲೈಯಲ್ಲಿ ತೆರೆಯುವುದಿಲ್ಲ, ಜುಲೈಯಲ್ಲಿ ಕೂರಿಸಿದ್ದು ಮಾರ್ಚಿನಲ್ಲಿ ಲೊಡಲೊಡ. ನನ್ನ ಮೊದಲ ಹಲಸಿನ ಮೇಜನ್ನು ನಾಲ್ಕೂ ಕಡೆ ಮೊಳೆ ಹೊಡೆದು ಬಿಗಿದಿದ್ದೆ. ಒಂದು ರಾತ್ರಿ ಪಟಾಕಿಯಂತೆ ಸದ್ದು ಕೇಳಿತು, ಬೆಳಿಗ್ಗೆ ನೋಡಿದರೆ ಉದ್ದಕ್ಕೆ ಸೀಳು. ಹೆಂಡತಿ ಈಗಲೂ ಆ ಸೀಳಿನಲ್ಲಿ ಕರೆಂಟು ಬಿಲ್ಲು ಸಿಕ್ಕಿಸುತ್ತಾಳೆ.

ಪಾರೆಮನೆ · ಜುಲೈ 21

ಎಲ್ಲರಿಗೂ ಬಾಕಿ ಇದ್ದ ವರದಿ. ಜುಲೈ ಎರಡನೇ ವಾರದ ಮಳೆಗೆ ಗುಡ್ಡದ ಕೆಳ ಹಂತದ ಬಲಬದಿ ಜಾರಿತು, ಸುಮಾರು ಎರಡು ಟಿಪ್ಪರ್ ಮಣ್ಣು. ಕಣಿ ನೀರು ತಿರುಗಿಸಿದ ಕಡೆ ಏನೂ ಆಗಿಲ್ಲ. ಬನಕ್ಕೆ ಅಂಜಿ ಅಲ್ಲಿ ಮಾತ್ರ ಕಣಿಯನ್ನು ನಿಲ್ಲಿಸಿದ್ದೆ, ಆ ಮೂರು ಮಾರು ಉದ್ದದಲ್ಲೇ ಜಾರಿದ್ದು. ಮಣ್ಣು ಬಂದು ನಿಂತದ್ದು ಲೇತ್ ಇಡಬೇಕೆಂದು ಸುಣ್ಣದಲ್ಲಿ ಗುರುತು ಹಾಕಿದ್ದ ಚೌಕದ ಮೇಲೆ. ಯಾರಿಗೂ ಪೆಟ್ಟಾಗಿಲ್ಲ. ಅರ್ಚಕರಲ್ಲಿ ಕೇಳಿ, ಬನದ ಹೊರಗಿನಿಂದ ಸುತ್ತುಬಳಸಿ ಕಣಿ ಮುಂದುವರಿಸಿದ್ದೇನೆ. ಲಾವಂಚ ಹಿಡಿದಿದೆ.

ವರ್ಕ್‌ಶಾಪ್ ಈಗ ಹಳೆಯ ದನದ ಹಟ್ಟಿಯ ಪಂಚಾಂಗದ ಮೇಲೆ, ಮನೆಯ ಮುಂದೆ. 18ಕ್ಕೆ 14 ಅಡಿ. ಹಳೆಯ ಹೆಂಚು, ಪಡುವಣಕ್ಕೆ ತೆಂಗಿನ ಮಡಲಿನ ತಡಿಕೆ. ಅಜ್ಜ ಹಟ್ಟಿ ಕಟ್ಟಿದ ಜಾಗದಲ್ಲಿ ಒಂದು ಹನಿ ನೀರು ನಿಲ್ಲುವುದಿಲ್ಲ. ಲೇತ್ ಓಡುತ್ತಿದೆ, ಡೆಲ್ಟಾ ಜೋಡಣೆ ಸರಿಯಾಯಿತು. ಆದರೆ ತೆಂಗಿನೆಣ್ಣೆ ಹಚ್ಚಿ ಇಟ್ಟರೂ ಲೇತಿನ ಹಾಸಿನ (ಕಬ್ಬಿಣದ ತಳದ) ಮೇಲೆ ತುಕ್ಕು.

ಲೇತ್‌ಪ್ರಿಯ

ತೆಂಗಿನೆಣ್ಣೆ ತಲೆಗೆ. ಹಾಸಿನ ಮೇಲೆ ಗ್ರೀಸು ಸವರಿ, ಮೇಲೆ ಹಳೆಯ ಕಂಬಳಿ, ಕಂಬಳಿಗೆ ತಾಗದ ಹಾಗೆ ಒಳಗೆ ಒಂದು ಸಣ್ಣ ಬಲ್ಬು ಉರಿಸಿಡಿ. ಹಳೆಯ ಕಾಲದ ಬಿಸಿಯಾಗುವ ಬಲ್ಬು, ಎಲ್‌ಇಡಿ ಅಲ್ಲ. ಉಪಕರಣದ ಪೆಟ್ಟಿಗೆಯಲ್ಲಿ ನೀರು ತಾಗದ ಸುಟ್ಟ ಸುಣ್ಣ ಒಂದು ಡಬ್ಬದಲ್ಲಿಡಿ, ಪುಡಿಯಾದಾಗ ಬದಲಿಸಿ.

ಬಸಳೆಚಪ್ಪರ

ತರಕಾರಿ ಏನಾಯಿತು? ಅದನ್ನು ಹೇಳಲೇ ಇಲ್ಲ.

ಪಾರೆಮನೆ

ಬೆಂಡೆ, ಹೀರೆ ಚೆನ್ನಾಗಿವೆ. ಅಲಸಂಡೆಯನ್ನು ನವಿಲು ಮುಗಿಸಿತು. ಹೆಂಡತಿ ವರ್ಕ್‌ಶಾಪಿನ ಮಾಡಿನ ನೀರಿಗೆ ಡ್ರಮ್ಮು ಇಟ್ಟು ಅರ್ಧ ವರ್ಕ್‌ಶಾಪನ್ನು ಸಸಿಮಡಿಗೆ ವಶಪಡಿಸಿಕೊಂಡಿದ್ದಾಳೆ. ನನಗೆ ಉಳಿದದ್ದು 18ಕ್ಕೆ 7.

ದಾಖಲೆಪೆಟ್ಟಿಗೆ

ಈಗ ಕಾನೂನಿನ ಪ್ರಕಾರ ಸಂಶಯವಿಲ್ಲದೆ ಕೃಷಿ ಕಟ್ಟಡ.

ಕಟಪಾಡಿಕಾರ

ಜಾರಿದ ಮಣ್ಣು ಎರಡು ಟಿಪ್ಪರ್ ಎಂದಿರಲ್ಲ, ಕೊಡುವುದಾದರೆ ಹೇಳಿ. ನಮ್ಮ ಅಂಗಳ ತಗ್ಗಿದೆ, ತುಂಬಿಸಬೇಕು.

ಬೈಲುಮನೆ

ಶೇಡಿ ತುಂಬಿಸಿದರೆ ಮುಂದಿನ ಮಳೆಗೆ ನಿಮ್ಮ ಅಂಗಳದಲ್ಲಿ ಕಂಬಳ ಓಡಿಸಬಹುದು.

ಹೆಂಚಿನಮಾಡು

ನನಗೆ ಒಂದು ಗೋಣಿ ಇಡಿ ಪಾರೆಮನೆಯವರೇ, ಬಿಳಿಯದ್ದು ಮಾತ್ರ. ಅಜ್ಜಿ ಹಬ್ಬಕ್ಕೆ ಗೋಡೆಗೆ ಶೇಡಿ ಬಳಿಯುತ್ತಿದ್ದರು, ಚೌತಿಗೆ ಮೊದಲು ಬಂದು ಒಯ್ಯುತ್ತೇನೆ.

ಕಟಪಾಡಿಕಾರ

ಹಾಗಾದರೆ ಬರುವಾಗ ಅಕ್ಕನ ಒಂದು ಕಿಲೋ ಗುಳ್ಳವನ್ನೂ ನಮ್ಮಲ್ಲಿಂದ ಹಿಡಿದುಕೊಂಡು ಹೋಗಿ.